ಕೆಂಪು ಮುಳ್ಳಿನ ಎದುರು ಒಬ್ಬರೇ

ತೊಟ್ಟಿಯ ನೀರು ಕೈ ಕೊರೆಯುವಷ್ಟು ತಣ್ಣಗಿದೆ. ಮುರಿಯಕ್ಕ ಮೊಣಕೈ ಮುಳುಗುವವರೆಗೂ ಕೈಬಿಟ್ಟು ತಡಕುತ್ತಾರೆ. ಬೆರಳಿಗೆ ಅಂಚು ಸಿಕ್ಕ ಕೂಡಲೇ ಎರಡೂ ಅಂಗೈಯಲ್ಲಿ ತಬ್ಬಿ ಮೇಲೆತ್ತುತ್ತಾರೆ. ಒಂದು ಕಾಂಕ್ರೀಟ್ ಕ್ಯೂಬ್. ಗೇಣಿಗಿಂತ ಕಡಿಮೆ ಅಗಲ, ಎಂಟು ಕಿಲೋ ತೂಕ. ಬಟ್ಟೆಯಲ್ಲಿ ಒರೆಸಿ, ನೆತ್ತಿಯ ಮೇಲಿನ ಬಣ್ಣದ ಗುರುತು ಓದಿ, ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಹಿಂಬದಿಯ ಈ ತಗಡು ಮಾಡಿನ ಲ್ಯಾಬಿನಲ್ಲಿ ದಿನ ಶುರುವಾಗುವುದೇ ಐದೂಮುಕ್ಕಾಲಿಗೆ. ಕಾಂಕ್ರೀಟಿನ ಬಲ ತಿಳಿಯಲು ಎರಕ ಹೊಯ್ದ ಇಪ್ಪತ್ತೆಂಟನೇ ದಿನ ಕ್ಯೂಬ್ ಒಡೆಯಬೇಕು. ಒಂಬತ್ತಕ್ಕೆ ತರಗತಿ ಶುರುವಾದರೆ ಯಂತ್ರ ಕೈಗೆ ಸಿಗುವುದಿಲ್ಲ. ಇವತ್ತು ಇಪ್ಪತ್ನಾಲ್ಕು ಇವೆ.

ಮೊದಲ ಕ್ಯೂಬನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಕೂರಿಸಿ ಗುಂಡಿ ಒತ್ತುತ್ತಾರೆ. ಗಡಿಯಾರದಂಥ ಡಯಲಿನಲ್ಲಿ ಕಪ್ಪು ಮುಳ್ಳು ಕೆಂಪು ಮುಳ್ಳನ್ನು ತಳ್ಳಿಕೊಂಡು ಮೇಲೇರುತ್ತದೆ. ಕಾಂಕ್ರೀಟು ಮೊದಲು ನರಳುತ್ತದೆ, ಆಮೇಲೆ ಠಪ್ಪೆಂದು ಸಿಡಿಯುತ್ತದೆ. ಕಪ್ಪು ಮುಳ್ಳು ಸೊನ್ನೆಗೆ ಬೀಳುತ್ತದೆ, ಕೆಂಪು ಮುಳ್ಳು ಮಾತ್ರ ಏರಿದಲ್ಲೇ ನಿಲ್ಲುತ್ತದೆ. "ಆರುನೂರ ಐವತ್ತೈದು," ಎಂದು ತಮಗೆ ತಾವೇ ಹೇಳಿಕೊಂಡು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕೆಂಪು ಮುಳ್ಳನ್ನು ಮತ್ತೆ ಸೊನ್ನೆಗೆ ತಿರುಗಿಸುತ್ತಾರೆ. ಮುಗಿಯಿತು. ಆ ಅಂಕಿಗೆ ಇನ್ನು ಈ ಲೋಕದಲ್ಲಿ ಇರುವ ಸಾಕ್ಷಿ ಅವರ ಕೈಬರಹವೊಂದೇ.

ಇವತ್ತು ಕೈ ಓಡುತ್ತಿಲ್ಲ. ಎರಡು ಕ್ಯೂಬ್ ಒಡೆಯುವುದು, ಎದ್ದು ಬಾಗಿಲವರೆಗೆ ಹೋಗುವುದು, ವಾಪಸ್ ಬರುವುದು. ರಿಜಿಸ್ಟರಿನೊಳಗೆ ಮಡಿಸಿಟ್ಟ ಫಾರಂ ಒಂದನ್ನು ಹನ್ನೊಂದು ಗಂಟೆಗೆ ಕೊಡಬೇಕು. ಕಾಲೇಜಿನ ಸಂಶೋಧನೆಯಲ್ಲಿ ಸುಳ್ಳು ಎಲ್ಲೆಲ್ಲಿ ನುಸುಳಬಹುದು ಎಂಬುದರ ಪಟ್ಟಿ ಅದು. ಅದರ ಮೊದಲ ಸಾಲನ್ನು ಅಕ್ಕ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಒಂಬತ್ತು ದಿನಗಳಿಂದ ಬರೆಯುತ್ತಿದ್ದಾರೆ, ಅಳಿಸುತ್ತಿದ್ದಾರೆ. ಆ ಸಾಲು ಉಳಿದರೆ ಹದಿನೆಂಟು ವರ್ಷದ ಕೆಲಸ ಅಲುಗಾಡುತ್ತದೆ. ಅಳಿಸಿದರೆ ಅದು ಯಾರಿಗೂ ಎಂದೆಂದಿಗೂ ತಿಳಿಯುವುದಿಲ್ಲ.

ಮುರಿಯಕ್ಕ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಅಪ್ಪ ಗಾರೆ ಮೇಸ್ತ್ರಿ. ಮಗಳು ಡಿಪ್ಲೊಮಾ ಮುಗಿಸಿ ಆರು ತಿಂಗಳ ಮಟ್ಟಿಗೆಂದು ಈ ಲ್ಯಾಬಿಗೆ ಬಂದಳು. ಆ ಆರು ತಿಂಗಳು ಇನ್ನೂ ಮುಗಿದಿಲ್ಲ. ಪ್ರತಿ ವರ್ಷ ಒಂದು ಕಾಗದ ಬರುತ್ತದೆ, ಇನ್ನೊಂದು ವರ್ಷಕ್ಕೆ ಮುಂದುವರಿಸಲಾಗಿದೆ ಎಂದು. ವರ್ಷಕ್ಕೆ ಮೂರು ಸಾವಿರದ ಆಸುಪಾಸು ಕ್ಯೂಬ್. ಸಿಡಿತದ ಸದ್ದಿಗೆ ಬಲಗಿವಿ ಮಂದವಾಗಿದೆ, ಬೆರಳ ತುದಿಯ ಚರ್ಮವನ್ನು ಸಿಮೆಂಟು ತಿಂದಿದೆ. "ಬ್ಯಾಂಕಿನಲ್ಲಿ ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡು ಆ ಮೆಷಿನ್ನು ಇಂಥವಳು ಇಲ್ಲವೇ ಇಲ್ಲ ಅಂತು. ಎದುರಿಗೇ ನಿಂತಿದೀನಲ್ಲಮ್ಮ ಅಂದೆ," ಎಂದು ನಗುತ್ತಾರೆ. ಮನೆಯಲ್ಲಿ ಅತ್ತೆಯ ಮಾತು ಇನ್ನೂ ಚುರುಕು: "ಊರಲ್ಲಿ ಎಲ್ಲರ ಸೊಸೆಯರೂ ಮನೆ ಕಟ್ಟಿಸ್ತಾರೆ. ನಮ್ಮವಳು ಬೆಳಗೆದ್ದು ಮುರಿಯೋಕೆ ಹೋಗ್ತಾಳೆ."

ಈ ಫಾರಮ್ಮಿಗೂ ಅವರಿಗೂ ಗಂಟುಬಿದ್ದದ್ದು ನಾಲ್ಕು ತಿಂಗಳ ಹಿಂದೆ. ಕಾಲೇಜಿನಿಂದ ಹೊರಬಿದ್ದಿದ್ದ ಒಂದು ಪ್ರಬಂಧದ ಅಂಕಿಗಳು ಸುಳ್ಳೆಂದು ಸಂಶೋಧನಾ ಪತ್ರಿಕೆಯವರು ಅದನ್ನು ಹಿಂತೆಗೆದುಕೊಂಡರು. ಮಾನ ಹೋಯಿತು. ಮೇಲಿನವರು ಸಮಿತಿ ಮಾಡಿ, ಅದರ ಹೊಣೆಯನ್ನು ಗಣಿತದ ಮೇಡಂಗೆ ಕೊಟ್ಟರು. ಹನ್ನೊಂದು ಲ್ಯಾಬಿಗೂ ಫಾರಂ ಹೋಯಿತು: ನಿಮ್ಮಲ್ಲಿ ಅಪಾಯ ಏನಿದೆ, ಪರಿಹಾರ ಏನು? ಹನ್ನೊಂದೂ ಲ್ಯಾಬಿನ ಮುಖ್ಯಸ್ಥರಿಂದ ಒಂದೇ ಉತ್ತರ ಬಂತು. ಇಲ್ಲ.

"ಇಷ್ಟೊಂದು ಪ್ರಾಮಾಣಿಕರನ್ನ ನಾನು ಒಂದೇ ಕಟ್ಟಡದಲ್ಲಿ ನೋಡಿರಲಿಲ್ಲ," ಎನ್ನುತ್ತಾರೆ ಮೇಡಂ. ಫಾರಂಗಳನ್ನು ಹಿಡಿದು ಕಂಡಕಂಡ ಲ್ಯಾಬಿಗೆ ನುಗ್ಗುತ್ತಿದ್ದ ಅವರು ಒಂದು ಮಧ್ಯಾಹ್ನ ಇಲ್ಲಿಗೂ ಬಂದರು. "ಇಲ್ಲಿ ಮೋಸ ಮಾಡೋದು ಹೇಗೆ?" ಎಂದು ನೇರ ಕೇಳಿದರು. ಮುರಿಯಕ್ಕ ಕೈ ಒರೆಸಿಕೊಂಡು, "ಕೂತ್ಕೊಳ್ಳಿ ಮೇಡಂ, ತುಂಬಾ ಇದೆ," ಎಂದರು. ಅಂದಿನಿಂದ ಲ್ಯಾಬ್ ಸುತ್ತುವ ಕೆಲಸ ಅಕ್ಕನ ತಲೆಗೆ ಬಿತ್ತು. ವರದಿಯಲ್ಲಿ ಸಮಿತಿಯ ಐವರ ಹೆಸರಿರುತ್ತದೆ, ಅಕ್ಕನದ್ದು ಇರುವುದಿಲ್ಲ.

ಅಕ್ಕನ ದಾರಿಯೇ ಬೇರೆ. "ಕಳ್ಳ ಯಾರು ಅಂತ ಕೇಳಿದ್ರೆ ಬಾಗಿಲು ಹಾಕ್ಕೋತಾರೆ. ಎಲ್ಲಿ ಜಾರುತ್ತೆ ಅಂತ ಕೇಳಿದ್ರೆ ಕುರ್ಚಿ ಹಾಕ್ತಾರೆ." ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದು ಒಂದೊಂದು ಲ್ಯಾಬಿಗೆ ಹೋಗಿ ಅಟೆಂಡರುಗಳ ಪಕ್ಕ ಕೂತರು. ಒಂದು ಕಡೆ ಮೂರು ವಾರದ ಉಷ್ಣತೆಯ ದಾಖಲೆ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇತ್ತು. ಇನ್ನೊಂದು ಕಡೆ ಸ್ಟಾಪ್‌ವಾಚಿನ ಸೆಲ್ ಸತ್ತು ಐದು ತಿಂಗಳಾಗಿತ್ತು, ಸೆಕೆಂಡುಗಳು ಮಾತ್ರ ಪುಸ್ತಕದಲ್ಲಿ ಓಡುತ್ತಲೇ ಇದ್ದವು. ಹತ್ತು ಲ್ಯಾಬಿನಿಂದ ನಲವತ್ತಮೂರು ಜಾರುವ ಜಾಗ. ಯಾರ ಹೆಸರೂ ಬರೆಯಲಿಲ್ಲ.

ಕೊನೆಗೆ ತಮ್ಮ ಲ್ಯಾಬು. ಅವರ ಡಯಲಿನಲ್ಲಿ ಗೆರೆಗಳಿರುವುದು ಐದರ ಅಂತರಕ್ಕೆ. ಮುಳ್ಳು ಎರಡು ಗೆರೆಯ ನಡುವೆ ನಿಂತರೆ ಹತ್ತಿರದ ಗೆರೆಯನ್ನೇ ಬರೆಯಬೇಕು. ಅದು ಇಲ್ಲಿನ ಕಟ್ಟಳೆ. ಹಾಗಾದರೆ ಪಿಎಚ್‌ಡಿ ಥೀಸಿಸಿನ ಬಲದ ಅಂಕಿಯನ್ನು, ಅಂದರೆ ಡಯಲಿನ ಅಂಕಿಯನ್ನು ಕ್ಯೂಬಿನ ಮುಖದ ವಿಸ್ತೀರ್ಣದಿಂದ ಭಾಗಿಸಿ ಬಂದದ್ದನ್ನು, ಅದೇ ವಿಸ್ತೀರ್ಣದಿಂದ ಮತ್ತೆ ಗುಣಿಸಿದರೆ ಐದರ ಮಗ್ಗಿಯೇ ಬರಬೇಕು. ಬರದಿದ್ದರೆ ಆ ಅಂಕಿ ಹುಟ್ಟಿದ್ದು ಈ ಯಂತ್ರದಲ್ಲಲ್ಲ. ಲೈಬ್ರರಿಯಿಂದ ಹದಿನಾಲ್ಕು ಥೀಸಿಸ್ ತಂದು ಕ್ಯಾಲ್ಕುಲೇಟರ್ ಕುಟ್ಟಿದರು. ಮೂರರಲ್ಲಿ ಮುಳ್ಳು ಎಂದೂ ನಿಲ್ಲಲಾಗದ ಅಂಕಿಗಳು ಸಿಕ್ಕವು. "ಗಣಿತದವಳಾಗಿ ನನಗೇ ಹೊಳೆದಿರಲಿಲ್ಲ ಕಣ್ರೀ," ಎಂದು ಮೇಡಂ ಕುರ್ಚಿಯಿಂದ ಎದ್ದು ನಿಂತರು. ಆ ಮೂರನ್ನೂ ಸಮಿತಿ ಮರುಪರೀಕ್ಷೆಗೆ ಕಳಿಸಿದೆ.

ಕೊನೆಗೆ ನೋಡಿದ ಹದಿನಾಲ್ಕನೆಯದರ ಲೆಕ್ಕ ಪೂರ್ತಿ ಸರಿಯಿತ್ತು. ತೊಂಬತ್ತು ಕ್ಯೂಬು, ತೊಂಬತ್ತೂ ಐದರ ಮಗ್ಗಿ. ಅದರಲ್ಲಿ ಆರು ಸುಳ್ಳು. ಅಕ್ಕನಿಗೆ ಅದು ಗೊತ್ತು, ಬರೆದವರು ಅವರೇ.

ಆರು ವರ್ಷದ ಹಿಂದೆ ಯಂತ್ರದ ಮೋಟಾರು ಸುಟ್ಟುಹೋಗಿತ್ತು. ರಿಪೇರಿಯವನು ಇವತ್ತು ನಾಳೆ ಎನ್ನುತ್ತ ವಾರ ಕಳೆದಿದ್ದ. ಥೀಸಿಸ್ ಕೊಡಲು ಎರಡೇ ದಿನ ಉಳಿದಿದ್ದ ಹುಡುಗ ಈ ಬಾಗಿಲ ಚೌಕಟ್ಟಿಗೆ ಒರಗಿ ಅತ್ತ. ಎಂಬತ್ನಾಲ್ಕು ಒಡೆದಾಗಿದೆ ಅಕ್ಕಾ, ಇನ್ನು ಆರೇ ಆರು, ಹೋದ ಸಲದ್ದರ ಹತ್ತಿರವೇ ಬರುತ್ತಲ್ಲ ಎಂದ. ಅವನು ಕೆಟ್ಟವನಲ್ಲ, ತೊಟ್ಟಿಗೆ ಕೈ ಹಾಕಿ ತಾನೇ ಕ್ಯೂಬ್ ಎತ್ತುತ್ತಿದ್ದವನು. ಅಕ್ಕ ಪೆನ್ನು ತೆಗೆದುಕೊಂಡು ಆರು ಅಂಕಿ ಬರೆದು ಸಹಿ ಹಾಕಿದರು. ಆ ಆರು ಕ್ಯೂಬು ಆಮೇಲೆ ಮೆಟ್ಟಿಲ ಕೆಳಗೆ ಕಟ್ಟಡದ ಕಸದಲ್ಲಿ ಸೇರಿಹೋದವು.

"ಆ ಮೂರು ಥೀಸಿಸ್ಸಿನವರು ಪಾಪ, ಯಂತ್ರ ಗೊತ್ತಿಲ್ಲದೆ ಕಾಲು ಜಾರಿದ್ರು, ಸಿಕ್ಕಿಬಿದ್ರು," ಎನ್ನುತ್ತಾರೆ, ಒಡೆದ ಕ್ಯೂಬಿನ ಚೂರನ್ನು ಕಾಲಿಂದ ತಳ್ಳುತ್ತ. "ನಾನು ಮುಳ್ಳು ನಿಲ್ಲೋ ಜಾಗ ನೋಡ್ಕೊಂಡೇ ಬರೆದಿದ್ದೆ. ಯಾವ ಲೆಕ್ಕಕ್ಕೂ ಸಿಗಲ್ಲ. ಅದು ಸರಿ ಬಂತಲ್ಲ, ಆಗ ಹೆದರಿಕೆ ಆಯ್ತು."

ಫಾರಮ್ಮಿನ ಮೊದಲ ಸಾಲು ಅದು. ಅಪಾಯದ ಕಾಲಮ್ಮಿನಲ್ಲಿ: ಯಂತ್ರ ಚೆನ್ನಾಗಿ ಗೊತ್ತಿರುವವಳು, ಅಂದರೆ ನಾನು. ಪಕ್ಕದಲ್ಲಿ ಆ ಆರು ಕ್ಯೂಬಿನ ದಿನಾಂಕ.

ಎಂಟೂವರೆಗೆ ಬಾಗಿಲಲ್ಲಿ ನೆರಳು ಬೀಳುತ್ತದೆ. ಅಂದು ಅತ್ತ ಹುಡುಗ ಇಂದು ಇದೇ ಕಾಲೇಜಿನಲ್ಲಿ ಮೇಷ್ಟ್ರು, ಮೇಲಿನ ಮಹಡಿಯಲ್ಲಿ ಕೂರುತ್ತಾರೆ. ಹೇಳದೆ ಬರೆಯುವುದು ಬೇಡವೆಂದು ನಿನ್ನೆ ಅಕ್ಕನೇ ಫೋನು ಮಾಡಿದ್ದರು.

"ಅಕ್ಕಾ, ಬೆನ್ನಿಗೆ ಚುಚ್ಚೋರನ್ನ ನೋಡಿದೀನಿ. ಮೊದಲೇ ಫೋನು ಮಾಡಿ ಚುಚ್ಚೋರನ್ನ ಇವತ್ತೇ ನೋಡಿದ್ದು."

"ಟೀ ಕುಡಿದ್ಯಾ?"

"ಟೀ ಬಿಡಿ. ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗೇ ಇಲ್ಲ. ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

"ಕೂಗಿದವಳು ನಾನೇ ಅಲ್ವೇನೋ? ಹತ್ತು ಮನೆ ಬಾಗಿಲಿಗೆ ಹೋಗಿ ಕೂಗಿ ಬಂದೆ. ಈಗ ನನ್ನ ಮನೆ ಬಾಗಿಲಲ್ಲಿ ಬಾಯಿ ಮುಚ್ಕೊಳ್ಳಲಾ?"

"ನಿಮ್ಮ ಹೆಸರು ಬರೆದು ನಿಮ್ಮ ಮನಸ್ಸು ಹಗುರ ಮಾಡ್ಕೊತೀರಿ. ದಿನಾಂಕ ನೋಡಿದ ತಕ್ಷಣ ಸಮಿತಿಯವರು ಬರೋದು ನನ್ನ ಹತ್ರ. ನನ್ನ ಡಿಗ್ರಿ, ನನ್ನ ಕೆಲಸ, ಮನೆಯಲ್ಲಿ ಏಳು ತಿಂಗಳ ಕೂಸು." ಮೇಷ್ಟ್ರ ದನಿ ಏರಿ, ಅಲ್ಲೇ ಇಳಿಯುತ್ತದೆ. "ಅವತ್ತು ನೀವು ಆಗಲ್ಲ ಹೋಗೋ ಅಂದಿದ್ರೆ ನಾನು ಆರು ತಿಂಗಳು ಬೈಕೊಂಡು ಸುಮ್ಮನಾಗ್ತಿದ್ದೆ."

ಅಕ್ಕ ಬಟ್ಟೆ ಎತ್ತಿಕೊಳ್ಳುತ್ತಾರೆ. ಯಂತ್ರದ ತಟ್ಟೆ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

"ಅದು ನಿಜ," ಎನ್ನುತ್ತಾರೆ ಕೊನೆಗೆ. "ಅದು ನನ್ನ ತಪ್ಪೇ. ಈಗ ಇಷ್ಟು ಮಾಡಬಹುದು. ಮಿಶ್ರಣದ ಲೆಕ್ಕ ನನ್ನ ಹತ್ರ ಇದೆ. ಆರು ಕ್ಯೂಬ್ ಹೊಯ್ಯಿ, ಇಪ್ಪತ್ತೆಂಟು ದಿನ ಕಾಯಿ, ಒಡೆಯೋಣ. ಸಿಮೆಂಟು ಅವತ್ತಿನದಲ್ಲ, ಅಂಕಿ ಬೇರೇನೇ ಬರಬಹುದು. ಬಂದದ್ದನ್ನ ಬಂದ ಹಾಗೆ ಬರೆದು ನೀನೇ ತಗೊಂಡು ಹೋಗಿ ಕೊಡು. ಅವರಾಗೇ ಹುಡುಕಿಕೊಂಡು ಬರೋದಕ್ಕೂ ನೀನಾಗೇ ಹೋಗೋದಕ್ಕೂ ಅಜಗಜಾಂತರ."

"ನಿಮಗೇನು, ಹೇಳ್ತೀರಿ," ಎಂದು ಮೇಷ್ಟ್ರು ಹೊರಟುಹೋಗುತ್ತಾರೆ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಮಹಡಿಯವರೆಗೂ ಕೇಳುತ್ತದೆ. ಅಕ್ಕ ಎಡಗಿವಿಯನ್ನು ಆ ಕಡೆ ತಿರುಗಿಸಿ ನಿಂತಿರುತ್ತಾರೆ. ಉಳಿದ ಐದು ಕ್ಯೂಬ್ ಒಡೆದು ಮುಗಿಸುವಷ್ಟರಲ್ಲಿ ಒಂಬತ್ತಾಗಿ, ತರಗತಿಯ ಗಲಾಟೆ ಒಳಗೆ ನುಗ್ಗಿದೆ. ಹತ್ತೂವರೆಗೆ ಅವರ ಫೋನಿಗೆ ಮಹಡಿಯಿಂದ ಒಂದು ಸಾಲು ಬರುತ್ತದೆ: ಮರಳು ಯಾವುದು ಬಳಸಿದ್ದೆ ಅಂತ ರಿಜಿಸ್ಟರಿನಲ್ಲಿದೆಯಾ? ಅಕ್ಕ ಅದನ್ನು ಎರಡು ಸಲ ಓದಿ, ಒದ್ದೆ ಬೆರಳಲ್ಲಿ ಅಕ್ಷರ ಒತ್ತುತ್ತಾರೆ: ಇದೆ. ಪುಟ ನೂರ ಹನ್ನೆರಡು. ಆಮೇಲೆ ಪೆನ್ನು ತೆಗೆದು, ಪೆನ್ಸಿಲಿನ ಸಾಲಿನ ಮೇಲೆ ಇಂಕಿನಲ್ಲಿ ತಿದ್ದುತ್ತಾರೆ.

ಹನ್ನೊಂದಕ್ಕೆ ಮೇಡಂ ಕೋಣೆ. ಕಿಟಕಿಗೆ ಒತ್ತಿದ ಮೇಜು, ಮೇಜಿನ ತುಂಬ ಫಾರಂಗಳು. ಮೇಡಂ ಮೊದಲ ಸಾಲು ಓದಿ ಕನ್ನಡಕ ತೆಗೆಯುತ್ತಾರೆ. ಬಾಗಿಲು ಹಾಕಿ ಬಂದು ಕೂರುತ್ತಾರೆ.

"ನಿಮ್ಮನ್ನ ಕಾಯಂ ಮಾಡೋ ಫೈಲು ಮುಂದಿನ ವಾರ ಮೀಟಿಂಗಿಗೆ ಬರುತ್ತೆ, ಗೊತ್ತಲ್ಲ? ಹದಿನೆಂಟು ವರ್ಷಕ್ಕೆ ಮೊದಲನೇ ಸಲ."

"ಗೊತ್ತು ಮೇಡಂ."

"ನಲವತ್ತಮೂರು ಇದೆ. ಈ ಒಂದು ಸಾಲು ಇಲ್ಲದೇ ಇದ್ರೂ ವರದಿ ಪೂರ್ತಿ ಆಗುತ್ತೆ."

"ಆರು ಕ್ಯೂಬ್ ಇಲ್ಲದೇ ಇದ್ರೂ ಥೀಸಿಸ್ ಪೂರ್ತಿ ಆಯ್ತಲ್ಲ ಮೇಡಂ, ಹಾಗೇ."

ಮೇಡಂ ಕನ್ನಡಕ ಮತ್ತೆ ಹಾಕಿಕೊಳ್ಳುತ್ತಾರೆ. ಫಾರಂ ಮತ್ತೆ ಕೈಗೆತ್ತಿಕೊಂಡು ಪಕ್ಕದ ಕಾಲಮ್ಮಿಗೆ ಬೆರಳಿಡುತ್ತಾರೆ. ಪರಿಹಾರ: ಯಂತ್ರದ ಹತ್ತಿರ ಇಬ್ಬರು ಬೇಕು. ಇಬ್ಬರೂ ಮುಳ್ಳು ನೋಡಬೇಕು, ಇಬ್ಬರೂ ಸಹಿ ಹಾಕಬೇಕು.

"ಇಷ್ಟೇನಾ? ನೀವು ಕೇಳೋದು ಇಷ್ಟೇನಾ?" ಎನ್ನುತ್ತಾರೆ ಮೇಡಂ. "ಈ ಕಾಲೇಜಿನಲ್ಲಿ ಕಣ್ಣು ಮುಚ್ಚಿ ನಂಬಬಹುದು ಅಂತ ಇದ್ದಿದ್ದು ನೀವೊಬ್ಬರು ಕಣ್ರೀ."

ಮುರಿಯಕ್ಕ ಸೀರೆಯ ಸೆರಗಿಗೆ ಅಂಟಿದ ಸಿಮೆಂಟಿನ ಪುಡಿ ಕೊಡವಿಕೊಂಡು ಎದ್ದು ನಿಲ್ಲುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಕೈಗಳು ಸುಮ್ಮನಿವೆ.

"ಹೌದು ಮೇಡಂ, ಹದಿನೆಂಟು ವರ್ಷ ನಂಬಿದ್ರಿ. ಇನ್ಮೇಲೆ ಕಣ್ಣು ಬಿಟ್ಟು ನೋಡಿ."