ಹಳ್ಳದಂಚಿಗೆ ಬಜೆ ನೆಟ್ಟಿದ್ದು

ಹೊನ್ನಾವರದ ಶಾಲೆಯಿಂದ ನಾನು ರಿಟೈರ್ ಆದ ವರ್ಷ ನಮ್ಮ ಮನೆ ಹಿಂದಿನ ಹಳ್ಳಕ್ಕೆ ಜೆಸಿಬಿ ಇಳಿಸಿ 'ಕ್ಲೀನ್' ಮಾಡಿಸಿದರು. ದಡದ ಕೇದಿಗೆ, ನೀರಂಚಿನ ಬಜೆ ಎಲ್ಲ ಹೋಯಿತು. ಆಮೇಲಿನ ಎರಡು ಮಳೆಗಾಲದಲ್ಲಿ ದಡ ಕುಸಿಯುತ್ತ ಬಂದು, ಪಕ್ಕದ ಮನೆಯವಳ ಬಾವಿಗೆ ನಾಲ್ಕೇ ಹೆಜ್ಜೆ ಉಳಿಯಿತು. ಅವಳೂ ಗಂಡನೂ ಇಬ್ಬರೇ ಸೇರಿ ತೋಡಿದ ಬಾವಿ. ಅವನು ತೀರಿಕೊಂಡ ಮೇಲೆ ಅವನ ಕೈಯ ಕೆಲಸವೆಂದು ಅವಳಿಗೆ ಉಳಿದದ್ದು ಅದೊಂದೇ.

ಗಿಡಗಳನ್ನು ವಾಪಸ್ ನೆಡುವ ಐಡಿಯಾ ನನ್ನದು. ಮೇ ತಿಂಗಳಲ್ಲಿ ಅವಳು ಕುಮಟಾ ಕಡೆಯ ತವರಿನಿಂದ ಬಜೆಯ ಗಡ್ಡೆ, ಕೇದಿಗೆ ಸಸಿ ತಂದಳು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ನೀಟ್‌ನೆಸ್. ಹಗ್ಗ ಹಿಡಿದು ಸ್ಟ್ರೇಟ್ ಲೈನ್ ಹಾಕಿಕೊಟ್ಟೆ. ಅವಳೂ ಅವಳ ಜೊತೆ ಭತ್ತದ ನೆಟ್ಟಿಗೆ ಹೋಗುವ ನಾಲ್ಕು ಹೆಂಗಸರೂ ಗದ್ದೆಗೆ ಇಳಿದ ಹಾಗೇ ಇಳಿದು, ಬೆನ್ನು ಬಗ್ಗಿಸಿ ಹಿಂದೆ ಹಿಂದೆ ಸರಿಯುತ್ತ, ಹೆಬ್ಬೆರಳಲ್ಲಿ ಒತ್ತಿ ನೆಟ್ಟರು. ಎಷ್ಟು ಚಂದ ಕಾಣುತ್ತಿತ್ತು. ಗದ್ದೆಯ ನೀರು ನಿಲ್ಲುತ್ತದೆ, ಹಳ್ಳದ್ದು ಓಡುತ್ತದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಜೂನಿನ ಮೊದಲ ದೊಡ್ಡ ಮಳೆಗೆ ಎಲ್ಲ ಕೊಚ್ಚಿಹೋಯಿತು. ದಡವೂ ಇನ್ನೆರಡು ಹೆಜ್ಜೆ ಕುಸಿಯಿತು.

"ಅಕ್ಕೋರೇ, ನಿಮ್ಮ ಲೈನು ಸಮುದ್ರಕ್ಕೆ ಹೋತು. ಈಗ ಕಾಸರಕೋಡ ಬಂದರಲ್ಲಿ ಮೀನಿಗೆ ಪಾಠ ಹೇಳ್ತಿರ್ಬೇಕು," ಎಂದಳು.

"ನಿನ್ನ ನೆಟ್ಟಿ ಎಂತ ಉಳಿದಿದ್ಯಾ?" ಎಂದೆ.

ನಕ್ಕೆವು. ಆಮೇಲೆ ಅವಳು ಬಾವಿಕಟ್ಟೆಯ ಮೇಲೆ ಕೈಯಿಟ್ಟು, ಉಳಿದ ಎರಡು ಹೆಜ್ಜೆಯನ್ನು ನೋಡಿದಳು. ಸಾರಿ ಎನ್ನಲೂ ನನಗೆ ನಾಚಿಕೆಯಾಯಿತು.

ದೀಪಾವಳಿ ಕಳೆದು ಹಳ್ಳ ಇಳಿದಾಗ ಅವಳೇ ದಾರಿ ಕಂಡುಕೊಂಡಳು. ಅವಳ ತವರಿನಲ್ಲಿ ನಾರು ತೆಗೆಯಲು ತೆಂಗಿನ ಸಿಪ್ಪೆಯನ್ನು ಕೆಸರಲ್ಲಿ ಹೂತು, ತೇಲಿಹೋಗದಂತೆ ಮೇಲೆ ಕಲ್ಲು ಹೇರುತ್ತಿದ್ದರಂತೆ. ಹಾಗೆಯೇ ಒಂದೊಂದು ಗಡ್ಡೆಯನ್ನೂ ಸಿಪ್ಪೆಯೊಳಗೆ ಕೂರಿಸಿ, ಹುರಿಯಿಂದ ಕಟ್ಟಿ, ನೀರಂಚಿನಲ್ಲಿ ಹೂತು ಕಲ್ಲಿಟ್ಟಳು. ದಡಕ್ಕೆ ಮತ್ತೆ ಕೇದಿಗೆ ಸಸಿಯನ್ನೂ ನೆಟ್ಟಳು.

"ಹಗ್ಗ ತರೂದು ಬೇಡ," ಎಂದಳು ನನಗೆ. "ಸಿಪ್ಪೆ ಕೊಡಿ ಸಾಕು."

ಆತು ಎಂದು ಅವಳ ಅಸಿಸ್ಟೆಂಟ್ ಆದೆ. ಬೇಸಿಗೆಯ ಹೊತ್ತಿಗೆ ಬಜೆ ಚಿಗುರಿತು. ಎಲೆ ಕಿವುಚಿದರೆ ಬಾಣಂತಿ ಕೋಣೆಯ ಪರಿಮಳ. ನನ್ನ ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸಿದ್ದು ನೆನಪಾಗಿ ಸುಮ್ಮಸುಮ್ಮನೆ ಕಿವುಚುತ್ತಿದ್ದೆ.

ಮಳೆಗಾಲ ಬಂತು. ಮೂರು ದಿನ ಬಿಡದೆ ಸುರಿಯಿತು. ಮಳೆ ಹೊಳವಾದ ಬೆಳಿಗ್ಗೆ ಕೊಡೆ ಹಿಡಿದು ಹೋದೆ. ಬಟ್ಟೆ ಒಗೆಯುವ ಕಲ್ಲು ಹೋಗಿತ್ತು, ಅರ್ಧ ಕೇದಿಗೆಯೂ. ಬಜೆ ಮಾತ್ರ ನೆಲಕ್ಕೆ ಮಲಗಿದ್ದರೂ ಬೇರು ಕಿತ್ತು ಬಂದಿರಲಿಲ್ಲ. ಬಾವಿಕಟ್ಟೆಯ ಮುಂದೆ ಎರಡು ಹೆಜ್ಜೆ ಮಣ್ಣು ಹಾಗೇ ಇತ್ತು. ಅವಳು ನೀರು ಸೇದಿ, ಮೊದಲು ತಾನು ಬೊಗಸೆಯಲ್ಲಿ ಕುಡಿದು ನೋಡಿ, ಚೊಂಬು ತುಂಬಿಸಿ ನನ್ನ ಕೈಗೆ ಕೊಟ್ಟಳು.

"ಕೆಸರಿಲ್ಲ. ಕುಡೀರಿ, ಅಕ್ಕೋರೇ."