ಕಂಬಳಿಯಲ್ಲಿ ಹೋದ ಫೋನು, ಕಟ್ಟೆಯ ಮೇಲೆ ಕೂಡಿದ ಸಭೆ

ಬೆಲೆಬಾಳುವುದು ಏನೇ ಇರಲಿ, ಅದನ್ನು ಕಂಬಳಿಯ ಮಡಿಕೆಯೊಳಗೆ ಇಡುವುದು ನಮ್ಮ ಕಡೆಯ ಕುರಿ ಮನೆಗಳ ರೂಢಿ. ನಮ್ಮತ್ತೆ ಓಲೆ ಇಡುತ್ತಿದ್ದರು, ಮಾವ ಪಹಣಿ ಇಡುತ್ತಿದ್ದರು. ನಾನು ಫೋನ್ ಇಟ್ಟೆ. ಮೊಮ್ಮಕ್ಕಳ ಕೈಗೆ ಸಿಕ್ಕರೆ ಒಂದು ತಾಸಿನಲ್ಲಿ ಚಾರ್ಜ್ ಮುಗಿಸಿಬಿಡುತ್ತವೆ ಎಂದು, ಬಾಗಿಲ ಪಕ್ಕದ ಹಲಗೆಯ ಮೇಲೆ ಮಡಿಸಿಟ್ಟ ಕಂಬಳಿಯೊಳಗೆ ತೂರಿಸಿ ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಹಲಗೆ ಖಾಲಿ. ನಮ್ಮ ಯಜಮಾನರು ಕಂಬಳಿ ಹೆಗಲಿಗೇರಿಸಿ ಕುರಿ ಹೊಡೆದುಕೊಂಡು ಹೋಗಿದ್ದರು. ನನ್ನ ಫೋನ್ ಕೂಡ ಕುರಿ ಕಾಯಲು ಹೋಗಿತ್ತು.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಿದ್ದೆ. ಅಂದು ಹನ್ನೊಂದು ಗಂಟೆಗೆ ಗ್ರಾಮಸಭೆ ಇತ್ತು. ನಾನು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ.

ಅಧ್ಯಕ್ಷೆ ಎಂಬ ಮಾತು ಹೊರಗಿನವರ ಬಾಯಲ್ಲಿ ಮಾತ್ರ. ಮನೆಯಲ್ಲಿ ನಮ್ಮ ಯಜಮಾನರು, "ನಿನ್ನ ಪಂಚಾಯ್ತಿ ಮುಗೀತೇನೆ, ಮುದ್ದೆ ಇಕ್ತೀಯೇನು" ಎಂದು ಕೇಳುವವರು. ನಾನು ಗೆದ್ದು ಎರಡು ವರ್ಷವಾಗಿದ್ದರೂ ಒಂದು ದಿನವೂ ಸಭೆಯ ಕಡೆ ತಲೆ ಹಾಕಿದವರಲ್ಲ. ಕರೆದರೆ ಕುರಿ ಯಾರು ನೋಡಬೇಕು ಎನ್ನುತ್ತಿದ್ದರು. ಅದನ್ನು ನೆಪ ಎಂದೇ ತಿಳಿದು ನಾನೂ ಮುನಿಸಿಕೊಂಡಿದ್ದೆ.

ನಮ್ಮೂರು ಇರುವುದು ಹಿರಿಯೂರು ಹೊಸದುರ್ಗಗಳ ನಡುವೆ, ಗಾಳಿ ಫ್ಯಾನುಗಳು ತಿರುಗುವ ಗುಡ್ಡಗಳ ಕೆಳಗೆ. ಪಕ್ಕದ ದೊಡ್ಡ ಊರನ್ನು ಪಟ್ಟಣ ಪಂಚಾಯಿತಿ ಮಾಡಬೇಕೆಂದು ಹೊರಟಿದ್ದರು. ಅದಕ್ಕೆ ಜನಸಂಖ್ಯೆ ಸಾಲದು, ಸುತ್ತಲ ಹಳ್ಳಿಗಳನ್ನು ಸೇರಿಸಿಕೊಳ್ಳೋಣ ಎಂದು ಪಟ್ಟಿ ಮಾಡಿದರು. ನಮ್ಮ ಪಂಚಾಯಿತಿಯೂ ಆ ಪಟ್ಟಿಯಲ್ಲಿತ್ತು. ಸೇರಿದರೆ ನಮಗೆ ಸ್ವಂತ ಪಂಚಾಯಿತಿ ಇಲ್ಲ, ಗ್ರಾಮಸಭೆ ಇಲ್ಲ. ಒಂದು ವಾರ್ಡ್ ಆಗಿ, ಒಬ್ಬ ಸದಸ್ಯನನ್ನು ಕಳಿಸಿ, ಮೂಲೆಯಲ್ಲಿ ಕೂರಿಸಬೇಕು ಅಷ್ಟೆ. ನಮ್ಮ ಕುರಿಗಳು ಮೇಯುವ ಗೋಮಾಳದಲ್ಲಿ ಆ ಊರಿನ ಕಸ ಸುರಿಯುವ ಮಾತು ಆಗಲೇ ನಡೆದಿತ್ತು. ಬೇಡ ಎನ್ನುವುದಾದರೆ ಗ್ರಾಮಸಭೆಯ ನಿರ್ಣಯ ಮರುದಿನ ಸಂಜೆಯೊಳಗೆ ಚಿತ್ರದುರ್ಗದ ಕಚೇರಿ ತಲುಪಬೇಕಿತ್ತು. ಸಭೆಗೆ ನೂರು ಜನ ಸೇರದಿದ್ದರೆ ಅದು ಸಭೆಯೇ ಅಲ್ಲ. ಜನ ಸಾಲದೆ ಎರಡು ಸಲ ಮುಂದೂಡಿದ್ದೆವು. ಇದು ಕೊನೆಯದು.

ಎರಡು ಸಲವೂ ನಾನು ಫೋನ್ ಹಿಡಿದುಕೊಂಡೇ ಸಭೆ ಕರೆದಿದ್ದೆ. ಊರಿನ ಗ್ರೂಪಿಗೆ ಮೆಸೇಜ್ ಹಾಕಿದರೆ ಒಂದು ನಿಮಿಷದಲ್ಲಿ ಇನ್ನೂರು ಕೈಮುಗಿತ. ಬರ್ತೀವಿ ಅಕ್ಕ, ಬಂದೇ ಬರ್ತೀವಿ ಅಕ್ಕ. ಅದನ್ನು ನೋಡಿ ನೋಡಿ ನನಗೆ ಹೊಟ್ಟೆ ತುಂಬುತ್ತಿತ್ತು. ಸಭೆಯ ದಿನ ನೋಡಿದರೆ ಕುರ್ಚಿಗಳೇ ಜಾಸ್ತಿ.

ಆ ದಿನ ಬರಿಗೈಯಲ್ಲಿ ಸಭೆ ಕರೆದಿದ್ದ ಶಾಲೆಗೆ ಹೋದೆ. ಹನ್ನೊಂದೂವರೆಗೆ ಐವತ್ತು ಚಿಲ್ಲರೆ ಜನ ಇದ್ದರು. ಪಿಡಿಒ ಇನ್ನೂ ಎಳೆ ವಯಸ್ಸಿನವರು, ಕಾನೂನಿನ ಮನುಷ್ಯ. ತಮ್ಮ ಫೋನಿನಿಂದಲೇ ಗ್ರೂಪಿಗೆ ಹಾಕಿದರು. ಕೈಮುಗಿತಗಳು ಸಾಲಾಗಿ ಬಂದವು. ಮನುಷ್ಯರು ಬರಲಿಲ್ಲ.

"ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿದರೆ ಬರ್ತಾರೆ ಸಾರ್" ಎಂದೆ.

"ಮಾಡಿ ಮೇಡಂ, ನನ್ನ ಫೋನ್ ತಗೊಳ್ಳಿ" ಎಂದರು.

ತೆಗೆದುಕೊಂಡೆ. ಒಂದು ನಂಬರೂ ಬಾಯಿಗೆ ಬರಲಿಲ್ಲ. ಸ್ವಂತ ತಂಗಿಯ ನಂಬರ್ ಕೂಡ. ಇಡೀ ಊರು ನನ್ನ ಮುಷ್ಟಿಯಲ್ಲಿದೆ ಎಂದು ಮೆರೆಯುತ್ತಿದ್ದವಳಿಗೆ ಅಲ್ಲಿಯೇ ಮುಖ ಸಣ್ಣದಾಯಿತು. ಫೋನ್ ವಾಪಸ್ ಕೊಟ್ಟು, "ಒಂದು ತಾಸು ತಡೀರಿ, ಸಭೆ ಬರ್ಖಾಸ್ತು ಮಾಡಬೇಡಿ. ನನ್ನ ಫೋನ್ ತರ್ತೀನಿ" ಎಂದು ಹೊರಟೆ.

ನಮ್ಮ ಯಜಮಾನರು ಎಲ್ಲಿ ಸಿಗುತ್ತಾರೆಂದು ನನಗೆ ಅನುಮಾನವಿರಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಊರಿನ ಕುರಿಗಳೆಲ್ಲ ನೀರಿಗೆ ಇಳಿಯುವುದು ಗೋಮಾಳದ ಅಂಚಿನ ಕಟ್ಟೆಗೆ. ಒಂದು ಮೈಲಿ ದಾರಿ. ಸೆರಗು ತಲೆಗೆ ಹೊದ್ದು, ಅವರಿಗೆ ಹೇಗೆಲ್ಲ ಬೈಯಬೇಕೆಂದು ಜೋಡಿಸಿಕೊಳ್ಳುತ್ತ ನಡೆದೆ.

ಕಟ್ಟೆಯ ಏರಿ ಹತ್ತಿ ನಿಂತವಳು ಬೈಗಳನ್ನು ಮರೆತೆ. ಹಟ್ಟಿಯ ಅಷ್ಟೂ ಮಂದೆಗಳು ನೀರಿನ ಸುತ್ತ ಇದ್ದವು. ಒಂದೊಂದು ಮಂದೆಗೆ ಇಬ್ಬರು ಮೂವರು. ಬುತ್ತಿ ತಂದ ಹೆಂಗಸರು ಬೇರೆ. ಪಕ್ಕದ ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದವರು ಊಟಕ್ಕೆಂದು ಹುಣಸೆ ಮರಗಳ ಕೆಳಗೆ ಕೂತಿದ್ದರು. ಗ್ರೂಪಿನಲ್ಲಿ ಬರ್ತೀವಿ ಎಂದವರಲ್ಲಿ ಬಹಳ ಮಂದಿ ಅಲ್ಲೇ ಇದ್ದರು. ನೀರು ಕುಡಿದ ಕುರಿಗಳು ನೆರಳಿಗೆ ಬಂದು, ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಹುದುಗಿಸಿ ಮೆಲುಕು ಹಾಕುತ್ತಿದ್ದವು. ಇನ್ನು ಎರಡು ತಾಸು ಅವು ಏಳುವುದಿಲ್ಲ. ಕಾಯುವವರಿಗೆ ಆ ಎರಡು ತಾಸು ಬಿಡುವು, ದಿನಾಲೂ. ನಾನು ಹುಟ್ಟಿದ್ದು ಕುರಿ ಮನೆ, ಸೇರಿದ್ದು ಕುರಿ ಮನೆ. ಹನ್ನೊಂದು ಗಂಟೆಗೆ ಶಾಲೆಗೆ ಬನ್ನಿ ಎಂದು ಈ ಜನಕ್ಕೆ ಎರಡು ಸಲ ಮೆಸೇಜ್ ಹಾಕಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಜೋರಾಗಿಯೇ ಅಂದುಕೊಂಡೆ.

ಯಜಮಾನರು ಕಂಬಳಿ ಹಾಸಿ ಅಡ್ಡಾಗಿದ್ದರು. ಎದ್ದು ಕೂತು, "ಬೆಳಗ್ಗಿಂದ ಬಗಲಾಗೆ ಗುರ್ ಗುರ್ ಅಂತೈತೆ ಇದು. ತಗಳೆ" ಎಂದು ಫೋನ್ ಚಾಚಿದರು.

"ಅದು ನಿಮ್ಮ ಹತ್ರಾನೇ ಇರ್ಲಿ. ಯಾರೂ ಕುರಿ ಎಬ್ಬಿಸ್ಬ್ಯಾಡ್ರಿ, ನಾನು ಬರೋತನಕ" ಎಂದೆ.

ಹಟ್ಟಿಯ ಹಿರಿಯಜ್ಜಿಯೊಬ್ಬಳು ರೊಟ್ಟಿ ಮುರಿಯುತ್ತ, "ಎಲ್ಲಿಗೆ ಓಡ್ತೀಯವ್ವ ಈ ಬಿಸಿಲಾಗೆ, ಕುಂತ್ಕ" ಎಂದಳು.

"ಸಭೆ ಇಲ್ಲಿಗೇ ತರ್ತೀನಿ ಅಜ್ಜಿ" ಎಂದು ಹೇಳಿ ಬಂದ ದಾರಿಯಲ್ಲೇ ಓಡಿದೆ. ಮಂಡಿನೋವು ಎಂದು ಆಸ್ಪತ್ರೆಗೆ ಅಲೆಯುತ್ತಿದ್ದವಳು ನಾನೇ.

ಪಿಡಿಒ ಒಪ್ಪಲಿಲ್ಲ. "ನೋಟಿಸಿನಲ್ಲಿ ಶಾಲೆ ಅಂತ ಇದೆ ಮೇಡಂ. ನಾಳೆ ಯಾರಾದರೂ ತಕರಾರು ತೆಗೆದರೆ ನಿರ್ಣಯ ಬಿದ್ದುಹೋಗುತ್ತೆ."

"ಸಭೆ ಶಾಲೆಯಲ್ಲೇ ಶುರುವಾಗಿದೆ ಸಾರ್. ಜನ ಸಾಲಲಿಲ್ಲ, ಅದಕ್ಕೆ ಇಲ್ಲಿದ್ದವರೆಲ್ಲ ಒಪ್ಪಿ, ಇದೇ ಊರಿನ ಎಲ್ಲೆಯೊಳಗಿನ ಕಟ್ಟೆಗೆ ಸಭೆ ಮುಂದುವರಿಸಿದ್ದೀವಿ ಅಂತ ಬರೆಯಿರಿ. ಅಧ್ಯಕ್ಷೆ ನಾನು ಹೇಳ್ತಾ ಇದ್ದೀನಿ."

ಅವರು ಅಲ್ಲಿದ್ದವರನ್ನು ಕೈ ಎತ್ತಿಸಿ ನೋಡಿದರು. ಆಮೇಲೆ ಬರೆದರು. ಅಷ್ಟೇ ಅಲ್ಲ, ನೋಟಿಸ್ ಫಲಕದ ಮೇಲೆ ಸೀಮೆಸುಣ್ಣದಲ್ಲಿ ಕಟ್ಟೆಯ ಹೆಸರನ್ನೂ ಬರೆದು ಫೋಟೊ ತೆಗೆದುಕೊಂಡರು. ಮುದುಕರನ್ನು ಟ್ರ್ಯಾಕ್ಟರಿಗೆ ಹತ್ತಿಸಿದೆವು. ಉಳಿದವರು ನಡೆದೆವು. ನಡಾವಳಿ ಪುಸ್ತಕವನ್ನು ನಾನು ಎದೆಗೆ ಅವುಚಿಕೊಂಡಿದ್ದೆ.

ಹುಣಸೆ ಮರದ ಕೆಳಗೆ ಎಣಿಸಿದರೆ ನೂರ ಮೂವತ್ತೊಂದು ಜನ. ಪಿಡಿಒ ಎರಡು ಸಲ ಎಣಿಸಿದರು. ಅವರು ಸರ್ಕಾರಿ ಭಾಷೆಯಲ್ಲಿ ವಿಷಯ ಓದಿ ಮುಗಿಸಿದ ಮೇಲೆ ಯಾರೂ ಉಸಿರೆತ್ತಲಿಲ್ಲ. ಇಷ್ಟು ಮಾಡಿ ಜನ ಬಾಯಿ ಬಿಡದಿದ್ದರೆ ಏನು ಗತಿ ಎಂದುಕೊಳ್ಳುವಾಗ, ಹಿಂದಿನ ಸಾಲಿನಲ್ಲಿ ನಮ್ಮ ಯಜಮಾನರು ಕಂಬಳಿ ಕೊಡವಿ ಎದ್ದು ನಿಂತರು. ಜೀವಮಾನದಲ್ಲಿ ಹತ್ತು ಜನರೆದುರು ಮಾತಾಡಿದವರಲ್ಲ.

"ಈ ಕಟ್ಟೆ ಹೂಳೆತ್ತಬೇಕು ಅಂದಾಗ ನಾವೇ ಕೂತು ಮಾತಾಡಿ ನಾವೇ ಎತ್ತಿದ್ವಿ. ನಾಳೆ ಹೂಳು ತುಂಬಿದ್ರೆ ಯಾರ ಬಾಗ್ಲಿಗೆ ಹೋಗಾಣ? ಗೋಮಾಳ ನಮ್ಮದು, ಪಂಚಾಯ್ತಿ ನಮ್ಮದು. ಸೇರೋದು ಬ್ಯಾಡ. ಬರ್ಕಳ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ ಸೈನ್ ಹಾಕ್ಬೇಕು ಹೇಳ್ರಿ, ಅಧ್ಯಕ್ಷರೇ" ಎಂದರು.

ಕುಚೋದ್ಯವೇನೋ ಎಂದು ಮುಖ ನೋಡಿದೆ. ಅಲ್ಲ. ಕಣ್ಣು ಮಂಜಾಗಿ ಸಾಲು ಕಾಣಿಸದೆ, ಪುಸ್ತಕದ ಮೇಲೆ ಅಂದಾಜಿಗೆ ಬೆರಳಿಟ್ಟು ತೋರಿಸಿದೆ. ಅವರ ಹಿಂದೆ ಇಡೀ ಹಟ್ಟಿ ಸಾಲು ನಿಂತಿತು. ಹಿರಿಯಜ್ಜಿ ರೊಟ್ಟಿಯ ಕೈ ತೊಳೆದು ಬಂದು ಹೆಬ್ಬೆಟ್ಟು ಒತ್ತಿದಳು. ಕೊನೆಯ ಸಹಿ ಬೀಳುವ ಹೊತ್ತಿಗೆ ಕುರಿಗಳು ಒಂದೊಂದಾಗಿ ಏಳುತ್ತಿದ್ದವು.

ಮರುದಿನ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೋಗಿ, ನಿರ್ಣಯ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಕೆಲವು ತಿಂಗಳ ಮೇಲೆ ಅಂತಿಮ ಪಟ್ಟಿ ಬಂತು. ನಮ್ಮೂರ ಹೆಸರು ಅದರಲ್ಲಿರಲಿಲ್ಲ. ನಮ್ಮಂತೆಯೇ ಮೊದಲ ಪಟ್ಟಿಯಲ್ಲಿದ್ದ ಆಚೆಯ ಹಳ್ಳಿಯದು ಇತ್ತು. ಅಲ್ಲಿಯೂ ಬೇಡ ಎಂದವರು ಬಹಳ ಮಂದಿ, ಆದರೆ ಹೇಳಿದ್ದೆಲ್ಲ ಗ್ರೂಪಿನಲ್ಲೇ ಉಳಿದುಹೋಯಿತು. ಅವರೀಗ ಒಂದು ವಾರ್ಡ್. ಬೀದಿ ದೀಪ ಕೆಟ್ಟರೆ ಅರ್ಜಿ ಹಿಡಿದು ಬಸ್ಸು ಹತ್ತುತ್ತಾರೆ. ಅವರನ್ನು ಕಂಡಾಗ ನನ್ನ ಗೆಲುವನ್ನು ಸ್ವಲ್ಪ ಒಳಗಿಟ್ಟುಕೊಳ್ಳುತ್ತೇನೆ.

ಮುಂದಿನ ಗ್ರಾಮಸಭೆಯ ನೋಟಿಸ್ ಬರೆಯುವಾಗ ಪಿಡಿಒ, "ಸ್ಥಳ ಕಟ್ಟೆ ಅಂತ ಬರೆದಿದ್ದೀನಿ ಮೇಡಂ. ಸಮಯ ಎಷ್ಟು ಹಾಕಲಿ?" ಎಂದು ಕೇಳಿದರು.

"ಕುರಿ ನೀರಿಗೆ ಬರೋ ಹೊತ್ತು ಅಂತ ಬರೀರಿ. ಇಲ್ಲಿ ಎಲ್ಲರಿಗೂ ಗೊತ್ತು" ಎಂದೆ.