ದುಂಡು ಬಾಲದ ಮರಿ

ಬೇಲಾಪುರದ ಸರಕಾರಿ ಕಚೇರಿಗಳ ಬೆನ್ನಿಗಿರುವ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್ ಆಗಿ ನಾನು ಹದಿನೆಂಟು ವರ್ಷ ದುಡಿದೆ. ಊಟದ ಗದ್ದಲ ಮೂರು ಗಂಟೆಗೆ ತಣ್ಣಗಾದರೆ ಕಚೇರಿಯವರು ಚಹಾಕ್ಕೆ ಇಳಿಯುವ ತನಕ ನನಗೆ ಬಿಡುವು. ಉಳಿದವರು ಅಟ್ಟದ ಮೇಲೆ ಚಾಪೆ ಹಾಸಿ ಒರಗುತ್ತಿದ್ದರು. ನನಗೆ ಹಗಲು ನಿದ್ದೆ ಬಾರದು. ಟೆರೇಸಿಗೆ ಹತ್ತಿ ನೀರಿನ ಟಾಕಿಯ ನೆರಳಿನಲ್ಲಿ ಕುಳಿತುಕೊಳ್ಳುತ್ತಿದ್ದೆ. ಹಿಂದುಗಡೆ ಒಂದು ದೊಡ್ಡ ಅರಳಿಮರ, ಅದರಾಚೆ ರಸ್ತೆ, ಆಮೇಲೆ ಖಾಡಿ, ಅಂದರೆ ಒಳಗೆ ಚಾಚಿದ ಕಡಲ ಹಿನ್ನೀರು. ಖಾಡಿಯ ಕೆಸರಿನ ಉದ್ದಕ್ಕೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಕಾಡು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಲ್ಲಿಗೆ ಬಂದಾಗ ಆ ಕಾಡು ಇಷ್ಟು ದಟ್ಟವಾಗಿರಲಿಲ್ಲ. ಲಾರಿಗಟ್ಟಲೆ ಮಣ್ಣು ತಂದು ಸುರಿಯುತ್ತಿದ್ದರು. ಆಗ ಗರುಡ ಕಣ್ಣಿಗೆ ಬೀಳುವುದೇ ಅಪರೂಪ. ಮೇಲೆ ನೋಡಿದರೆ ಬರೀ ಹದ್ದು, ಕಾಗೆ. ಮಣ್ಣು ಸುರಿಯುವುದು ನಿಂತ ಮೇಲೆ ಕಾಂಡ್ಲ ತಾನಾಗಿ ಚಿಗುರಿತು, ಮೀನು ಬಂತು, ಏಡಿ ಬಂತು. ಒಂದೊಂದಾಗಿ ಗರುಡಗಳೂ ಬಂದವು. 2010ರ ಆಸುಪಾಸಿನ ಒಂದು ಡಿಸೆಂಬರಿನಲ್ಲಿ ಜೋಡಿಯೊಂದು ನನ್ನ ಕಣ್ಣೆದುರಿಗೇ ಅರಳಿಮರಕ್ಕೆ ಕಡ್ಡಿ ಸಾಗಿಸತೊಡಗಿತು. ಇಟ್ಟಿಗೆ ಬಣ್ಣದ ಮೈ, ತೊಳೆದಿಟ್ಟಂತಹ ಬಿಳಿ ತಲೆ, ಬಿಳಿ ಎದೆ.

ಆ ರಾತ್ರಿ ಡೊಂಬಿವಲಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ಈ ಸುದ್ದಿ ಹೇಳಿದೆ. ಮಗಳು ತಟ್ಟನೆ ತಲೆಯೆತ್ತಿದಳು. ಅವಳು ಠಾಣೆ ನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಖಾಡಿಯ ಎರಡೂ ದಡದಲ್ಲಿ ಗರುಡಗಳ ಗೂಡು ಹುಡುಕಿ, ಎಷ್ಟು ಮರಿ ಹಾರಿದವು ಎಂದು ವರ್ಷ ವರ್ಷ ಬರೆದಿಡುವ ಒಂದು ಗುಂಪಿಗೆ ಸೇರಿದ್ದಳು. ಅದು ನನಗೆ ಗೊತ್ತಿತ್ತು, ಆದರೆ ಭಾನುವಾರ ಬೆಳಗಾಗುವ ಮೊದಲೇ ಬ್ಯಾಗು ಹೆಗಲಿಗೇರಿಸಿ ಹೋಗುತ್ತಾಳಲ್ಲ ಎಂಬ ತಕರಾರಷ್ಟೇ ನನ್ನದಾಗಿತ್ತು. ನಾವು ಅವಳೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದೆವು, ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ನಮ್ಮ ಮನೆಯ ಪದ್ಧತಿಯೇ ಹಾಗೆ.

ಮರುದಿನವೇ ಟೆರೇಸಿಗೆ ಬಂದಳು. ಗರುಡ ತಲೆಯ ಮೇಲೆ ಸುತ್ತು ಹಾಕಿದಾಗ ಊರಿನ ಅಭ್ಯಾಸದಂತೆ ನಾನು ಕೈ ಮುಗಿದೆ.

"ಪಪ್ಪಾ, ಹಾಥ್ ಬಾದ್ ಮೇಂ ಜೋಡ್ನಾ. ಪೆಹಲೆ ದೂರಬೀನ್ ಪಕ್ಡೋ," ಕೈ ಆಮೇಲೆ ಮುಗಿಯಬಹುದು ಎಂದು ನಗುತ್ತ ದುರ್ಬೀನನ್ನು ನನ್ನ ಕೈಗೆ ತುರುಕಿದಳು.

ಗೂಡಿನ ಕಡ್ಡಿ ಕಡ್ಡಿಯೂ ಕಂಡಿತು. ತಾನು ವಾರಕ್ಕೊಮ್ಮೆ ಬರಬಲ್ಲೆ, ನೀವಾದರೆ ದಿನಾ ಇಲ್ಲೇ ಇರುತ್ತೀರಿ, ನೋಡಿ ಬರೆದಿಡುತ್ತೀರಾ ಎಂದು ಕೇಳಿದಳು.

"ನಂಗೆ ನಿಮ್ಮ ಇಂಗ್ಲಿಷ್ ಫಾರಂ ಎಲ್ಲ ತುಂಬ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಕನ್ನಡದಲ್ಲಿ ಬರಿತೇನೆ, ಆಗ್ಬಹುದಾ?"

"ಚಲೇಗಾ," ಎಂದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಹೀಗೆ ನನ್ನ ಕೆಲಸ ಶುರುವಾಯಿತು. ಒಂದು ಉದ್ದನೆಯ ನೋಟುಪುಸ್ತಕ, ಒಂದು ಪೆನ್ನು. ಗೂಡಿನಲ್ಲಿ ಕೂತದ್ದು ಯಾವುದು, ಬಂದದ್ದು ಯಾವುದು, ಏನು ತಂದಿತು, ಕಾಗೆ ಕಾಟ ಕೊಟ್ಟಿತೇ, ಎಲ್ಲವನ್ನೂ ಆಯಾ ದಿನವೇ ಬರೆದೆ. ಜನವರಿಯಲ್ಲಿ ಒಂದು ಹಕ್ಕಿ ಗೂಡು ಬಿಟ್ಟೇಳದೆ ಕೂತಿತು. ಫೆಬ್ರವರಿಯಲ್ಲಿ ಗೂಡಿನ ಅಂಚಿನಲ್ಲಿ ಹತ್ತಿಯ ಉಂಡೆಯಂತಹ ತಲೆಯೊಂದು ಅಲ್ಲಾಡಿತು. ಆ ದಿನ ನಾನು ಕೆಳಗಿಳಿದು ಅಡುಗೆ ಭಟ್ಟರಿಂದ ಹಿಡಿದು ಎದುರಿನ ಕಚೇರಿಯ ಗುಮಾಸ್ತರವರೆಗೆ ಎಲ್ಲರಿಗೂ ಹೇಳಿಕೊಂಡು ಬಂದೆ. ಒಂದೇ ಮರಿ. ಅದು ಬಲಿತು, ರೆಕ್ಕೆ ಬಡಿದು, ಗುಡಿ ಪಾಡವಾ, ಅಂದರೆ ಇಲ್ಲಿಯವರ ಯುಗಾದಿಯ ಮಧ್ಯಾಹ್ನ ಗೂಡಿನಿಂದ ಪಕ್ಕದ ಕೊಂಬೆಗೆ ಹಾರಿತು. ಎರಡು ದಿನ ಬಿಟ್ಟು ರಸ್ತೆಯಾಚೆಯ ದೀಪದ ಕಂಬದ ಮೇಲಿತ್ತು.

ಏಪ್ರಿಲಿನಲ್ಲಿ ಠಾಣೆಯ ಘೋಡಬಂದರ್ ರಸ್ತೆಯ ಒಂದು ಹೌಸಿಂಗ್ ಸೊಸೈಟಿಯ ಸಭಾಂಗಣದಲ್ಲಿ ಗುಂಪಿನ ಸಭೆ ಸೇರಿತು. ನಾನು ರಜೆ ಹಾಕಿ ಇಸ್ತ್ರಿಯ ಅಂಗಿ ತೊಟ್ಟು ಮಗಳೊಡನೆ ಹೋದೆ. ಹಕ್ಕಿಗಳ ಬಗ್ಗೆಯೇ ಓದಿ ಬಂದ ಒಬ್ಬ ಮರಾಠಿ ತರುಣ ಗುಂಪಿನ ಮುಖ್ಯಸ್ಥ. ಪರದೆಯ ಮೇಲೆ ಒಂದೊಂದೇ ಗೂಡಿನ ಲೆಕ್ಕ ತೋರಿಸುತ್ತ ಬಂದ. ನನ್ನ ಅರಳಿಮರ ಬಂದಾಗ, ಮರಿಯ ಕಾಲಮಿನಲ್ಲಿ ಸೊನ್ನೆ.

ನಾನು ಮಗಳ ಮುಖ ನೋಡಿದೆ. ನಾನು ಹೇಳಿದಂತೆ ಒಂದು ಮರಿ ಎಂದೇ ಅವಳು ಬರೆದು ಕೊಟ್ಟಿದ್ದಳು; ಅದು ಸೊನ್ನೆಯಾದದ್ದು ಅವಳಿಗೂ ಗೊತ್ತಿರಲಿಲ್ಲ. ಎದ್ದು ನಿಂತು ಕೇಳಿದೆ.

ಆತ ವಿನಯದಿಂದಲೇ ಹೇಳಿದ: "ಅಂಕಲ್, ಮೈ ಖುದ್ ಆಯಾ ಥಾ." ಖುದ್ದಾಗಿ ಬಂದು ನೋಡಿದ್ದನಂತೆ. ಗೂಡಿನ ಹತ್ತಿರ ಕಂದು ಹಕ್ಕಿ ಇತ್ತು, ಸುತ್ತ ನಾಲ್ಕು ಹದ್ದುಗಳಿದ್ದವು. ಹದ್ದೂ ಕಂದು, ಗರುಡನ ಮರಿಯೂ ಕಂದು. "ಶಕ್ ಹೈ ತೋ ಕಾಟ್ನಾ ಪಡ್ತಾ ಹೈ." ಸಂಶಯವಿದ್ದರೆ ಲೆಕ್ಕದಿಂದ ಹೊಡೆದುಹಾಕಲೇಬೇಕು ಎಂದು.

ಮೂವತ್ತು ನಲವತ್ತು ಜನ ಕುಳಿತಿದ್ದರು, ಹೆಚ್ಚಿನವರು ಪದವಿ ಓದಿದವರು. ಕುಳಿತುಬಿಡೋಣ ಅನ್ನಿಸಿತು. ಆದರೆ ನೋಡಿದ್ದು ನಾನು.

"ನನ್ನ ಪುಸ್ತಕ ಓದ್ತೇನೆ," ಎಂದೆ. "ಮಗಳು ಹೇಳ್ತಾಳೆ."

ಮಗಳು ಎದ್ದು ನನ್ನ ಪಕ್ಕಕ್ಕೆ ಬಂದಳು. ನಾನು ಕನ್ನಡದಲ್ಲಿ ಒಂದೊಂದೇ ಸಾಲು ಓದಿದೆ, ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. "ಹೋಳಿಯ ಮರುದಿನ. ಮೂರೂ ಹತ್ತು. ಬಿಳಿ ಎದೆಯದ್ದು ಮೀನು ತಂದು ಮರಿಯ ಎದುರು ಇಟ್ಟಿತು. ಹದ್ದು ಎರಗಲು ಬಂತು, ತಾಯಿ ಓಡಿಸಿತು." "ಪಾಡವಾ ದಿನ. ಮರಿ ಹಾರಿತು. ಬಾಲ ಬಿಚ್ಚಿದಾಗ ನೋಡಿದೆ. ಬೀಸಣಿಗೆಯ ಹಾಗೆ ದುಂಡು. ಕವಲು ಇಲ್ಲ." ಹದ್ದಿನ ಬಾಲದಲ್ಲಿ ಕವಲು ಇರುತ್ತದೆ. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿನಾ ಎರಡನ್ನೂ ಒಟ್ಟಿಗೆ ನೋಡಿ ನೋಡಿ ಕಣ್ಣಿಗೆ ಹತ್ತಿತ್ತು.

ಒಂದು ಕಡೆ "ಗೂಡು ಹರಿವಾಣದಷ್ಟು ಅಗಲ" ಎಂದು ಬರೆದಿದ್ದೆ. ಮಗಳು ಕ್ಷಣ ತಡೆದು ನನ್ನನ್ನು ಕೇಳಿದಳು, ಕನ್ನಡದಲ್ಲಿ: "ಹರಿವಾಣ ಅಂದ್ರೆ ದೇವ್ರ ಕೋಣೇದು ತಟ್ಟೆ ಅಲ್ವಾ?" ಹೌದೆಂದೆ. ಅಷ್ಟು ಜನರ ಎದುರಿಗೆ ಅವಳ ಬಾಯಿಂದ ಕನ್ನಡ ಬಂದಿತ್ತು. ಉಳಿದ ಸಾಲುಗಳನ್ನು ಇನ್ನಷ್ಟು ಗಟ್ಟಿಯಾಗಿ ಓದಿದೆ.

ಓದಿ ಮುಗಿದಾಗ ಆ ತರುಣ ಹೇಳಿದ: "ಕಲ್ ಆತಾ ಹೂಂ."

ಮಾತಿನಂತೆ ಮರುದಿನ ಬಂದ. ಮೂರು ಗಂಟೆಗೆ ಟಾಕಿಯ ನೆರಳಿನಲ್ಲಿ ಅವನು, ನಾನು, ಮಗಳು ಮೂವರೂ ಕುಳಿತೆವು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ನಿಮಿಷ ಕಳೆಯಿತು. ಕಾಗೆ ಬಿಟ್ಟರೆ ಏನೂ ಇಲ್ಲ. ಚಹಾದ ಹೊತ್ತಾಗುತ್ತ ಬಂತು, ನನಗೆ ಕೆಳಗೆ ಹೋಗಲೇಬೇಕು. ಆಗ ಖಾಡಿಯ ಕಡೆಯಿಂದ ಮರಿಯ ಕೀರಲು ಕೂಗು ಕೇಳಿತು. ಕಂದು ಹಕ್ಕಿ ರಸ್ತೆ ದಾಟಿ ಅರಳಿಮರಕ್ಕೆ ಬಂದು ಕೂತಿತು. ಹಿಂದೆಯೇ ಬಿಳಿ ಎದೆಯ ಗರುಡ, ಕಾಲಲ್ಲಿ ಮೀನು. ಮರಿ ಮೀನಿಗೆ ಹಾರಿ ಬಾಲವನ್ನು ಪೂರ್ತಿ ಹರಡಿತು.

ತರುಣ ದುರ್ಬೀನು ಇಳಿಸಲೇ ಇಲ್ಲ. "ಗೋಲ್ ಹೈ. ಅಂಕಲ್, ಚೂಕ್ ಮಾಝೀ," ಎಂದ. ಬಾಲ ದುಂಡಗಿದೆ, ತಪ್ಪು ನನ್ನದು ಎಂದು; ಕೊನೆಯ ಮಾತು ಮರಾಠಿಯಲ್ಲಿ. ಅಲ್ಲಿಯೇ ಚೀಲದಿಂದ ಹಾಳೆ ತೆಗೆದು ಸೊನ್ನೆಯನ್ನು ಹೊಡೆದು ಒಂದು ಬರೆದ. ಪಕ್ಕದಲ್ಲಿ ಸಹಿ ಹಾಕಿ ನನ್ನ ಕೈಯಿಂದಲೂ ಹಾಕಿಸಿದ. ನಾನು ಕನ್ನಡದಲ್ಲಿ ಸಹಿ ಮಾಡಿದೆ. ಕೆಳಗೆ ಕರೆದುಕೊಂಡು ಹೋಗಿ ಇಬ್ಬರಿಗೂ ಬಿಸಿ ನೀರ್‌ದೋಸೆ ಕೊಡಿಸಿದೆ.

ಮುಂದಿನ ಚಳಿಗಾಲದಿಂದ ಹೊಸದಾಗಿ ಸೇರಿದವರನ್ನು ಅವನು ಮೊದಲು ನನ್ನ ಟೆರೇಸಿಗೆ ಕಳಿಸತೊಡಗಿದ. ಕಾಲೇಜಿನವರು, ಮಹಾಪೆಯ ಕಂಪನಿಗಳವರು, ಒಬ್ಬ ನಿವೃತ್ತ ಬ್ಯಾಂಕಿನವರು. ಎಲ್ಲರಿಗೂ ನಾನು ನನ್ನ ಹೋಟೆಲ್ ಹಿಂದಿಯಲ್ಲಿ ಒಂದೇ ಮಾತು ಹೇಳುತ್ತಿದ್ದೆ: ಯಾವ ಭಾಷೆಯಲ್ಲಾದರೂ ಬರೆಯಿರಿ, ಆದರೆ ನೋಡಿದ ದಿನವೇ ಬರೆಯಿರಿ. ವರ್ಷ ಹೋದಂತೆ ನಕ್ಷೆಯ ಮೇಲೆ ಗೂಡುಗಳ ಗುರುತು ಹೆಚ್ಚುತ್ತ ಹೋಯಿತು. ಒಮ್ಮೆ ಒಂದು ಮೊಬೈಲ್ ಟವರಿನ ಮೇಲೂ ಗೂಡು ಸಿಕ್ಕಿತು.

ನಾನು ಕೆಲಸ ಬಿಟ್ಟ ವರ್ಷ ಮಗಳು ಆ ಗುಂಪಿನ ಬೇಲಾಪುರ ಕಡೆಯ ಜವಾಬ್ದಾರಿ ಹೊತ್ತಿದ್ದಳು. ಒಂದು ಭಾನುವಾರ ಖಾಡಿಯ ದಡದಲ್ಲಿ ಹತ್ತು ಜನರ ಮುಂದೆ ನಡೆಯುತ್ತಿದ್ದಳು, ನಾನು ಹಿಂದೆ. ಅವರೆಲ್ಲ ದಾಟಿಹೋದ ಒಂದು ಮಾವಿನಮರದ ತುದಿಯಲ್ಲಿ ಎಲೆಗಳ ನಡುವೆ ಕಡ್ಡಿಯ ಗೂಡು, ಅದರಲ್ಲಿ ಬಿಳಿ ತಲೆಯೊಂದು ಕಂಡಿತು. ಕರೆದೆ. ಅವಳು ಓಡಿ ಬಂದು ದುರ್ಬೀನು ಹಿಡಿದು ನೋಡಿದಳು, ತಿರುಗಿ ಹೊಸ ಗೂಡು ಯಾರಿಗೆ ಸಿಕ್ಕಿತೆಂದು ಉಳಿದವರಿಗೆ ಜೋರಾಗಿ ಕೂಗಿ ಹೇಳಿದಳು:

"ನಯಾ ಘೋಸ್ಲಾ! ಮೇರೆ ಪಪ್ಪಾ ನೇ ಢೂಂಢಾ!"